ಕತ್ತರಿಸಿದ ಚಿತ್ರ ಹೊಸ ಹಿನ್ನೆಲೆಯಲ್ಲಿ ಅಂಟಿಸಿದಂತೆ ಕಾಣುವುದೇಕೆ?

ಪ್ರಶ್ನೆ: ತೀರಿಹೋದ ನಮ್ಮ ಅಜ್ಜನವರದು ಒಂದೇ ಒಂದು ನಿಲುವಿನ ಫೋಟೊ ಉಳಿದಿದೆ. ಸ್ಟುಡಿಯೊದಲ್ಲಿ ನೀಲಿ ಪರದೆಯ ಮುಂದೆ, ಫ್ಲ್ಯಾಶ್ ಬೆಳಕಿನಲ್ಲಿ ತೆಗೆದದ್ದು. ಅದನ್ನು ಸ್ಕ್ಯಾನ್ ಮಾಡಿಸಿ, ಅವರ ಆಕೃತಿಯನ್ನು ಕತ್ತರಿಸಿ, ನಮ್ಮ ಜಗಲಿಯಲ್ಲಿ ಸಂಜೆ ಮೊಬೈಲಿನಿಂದ ತೆಗೆದ ಕುಟುಂಬದ ಚಿತ್ರಕ್ಕೆ ಫೋಟೊಶಾಪ್‌ನಲ್ಲಿ ಸೇರಿಸಿದ್ದೇನೆ. ಅಂಚಿನಲ್ಲಿ ನೀಲಿ ಗೆರೆ ಉಳಿದಿದೆ. ಅಂಚನ್ನು ಮೃದುವಾಗಿಸುವ ಫೆದರ್ ಹೆಚ್ಚಿಸಿದರೂ ಅಂಟಿಸಿದಂತೆಯೇ ಕಾಣುತ್ತದೆ. ಸರಿಪಡಿಸುವುದು ಹೇಗೆ?

ಉತ್ತರ: ಮೊದಲು ಫೆದರನ್ನು ಅರ್ಧ ಪಿಕ್ಸೆಲ್‌ಗೆ ಇಳಿಸಿ. ಅದು ಅಂಚನ್ನು ಮಸುಕುಗೊಳಿಸುತ್ತದೆಯೇ ಹೊರತು ಅಲ್ಲಿ ಸೇರಿಕೊಂಡ ನೀಲಿಯನ್ನು ತೆಗೆಯುವುದಿಲ್ಲ. ಹೆಚ್ಚಿಸಿದಷ್ಟೂ ಹಳೆಯ ಪರದೆಯ ಬಣ್ಣ ಇನ್ನಷ್ಟು ಒಳಗೆ ಬರುತ್ತದೆ. ಎರೇಸರ್ ಬಳಸಿ ಅಳಿಸಿದ್ದರೆ ಮತ್ತೆ ಮೂಲ ಸ್ಕ್ಯಾನಿನಿಂದಲೇ ಆರಂಭಿಸಿ, ಈ ಬಾರಿ ಲೇಯರ್ ಮಾಸ್ಕ್ (ಬೇಡದ ಭಾಗವನ್ನು ಅಳಿಸದೆ ಬರೀ ಮರೆಮಾಡುವ ಮುಸುಕು) ಹಾಕಿಕೊಳ್ಳಿ. ತಪ್ಪಿದ ಜಾಗವನ್ನು ಬಿಳಿ ಬ್ರಷ್‌ನಿಂದ ಮರಳಿ ಪಡೆಯಬಹುದು. ‘ಸೆಲೆಕ್ಟ್ ಆ್ಯಂಡ್ ಮಾಸ್ಕ್’ನಲ್ಲಿ ‘ಶಿಫ್ಟ್ ಎಡ್ಜ್’ ಅನ್ನು ಸ್ವಲ್ಪ ಋಣಾತ್ಮಕ ಬದಿಗೆ ಸರಿಸಿ ಅಂಚನ್ನು ಒಳಗೆಳೆದರೆ ಕೋಟಿನ ಸುತ್ತಲಿನ ಗೆರೆ ಬಹುಮಟ್ಟಿಗೆ ಹೋಗುತ್ತದೆ. ನರೆಗೂದಲಿನ ಎಳೆಗಳಲ್ಲಿ ಉಳಿದ ನೀಲಿಗೆ ಬೇರೆ ಉಪಾಯ ಬೇಕು: ಮೇಲೊಂದು ಖಾಲಿ ಲೇಯರ್ ತೆರೆದು, ಅಜ್ಜನವರ ಲೇಯರಿಗೆ ಕ್ಲಿಪ್ ಮಾಡಿ (ಆಗ ಅದರ ಪರಿಣಾಮ ಅವರ ಆಕೃತಿಗಷ್ಟೇ ತಾಗುತ್ತದೆ), ಲೇಯರುಗಳು ಬೆರೆಯುವ ಬಗೆಯಾದ ಬ್ಲೆಂಡ್ ಮೋಡನ್ನು ‘ಕಲರ್’ ಎಂದಿಟ್ಟು, ಪಕ್ಕದ ಕೂದಲಿನ ಬಣ್ಣವನ್ನೇ ಎತ್ತಿಕೊಂಡು ಮೃದುವಾದ ಬ್ರಷ್‌ನಿಂದ ಸವರಿ.

ಇಷ್ಟಾದರೂ ಚಿತ್ರ ಬೆರೆಯುವುದಿಲ್ಲ, ಏಕೆಂದರೆ ನಿಜವಾದ ತೊಡಕಿರುವುದು ಅಂಚಿನಲ್ಲಲ್ಲ, ಬೆಳಕಿನಲ್ಲಿ. ಕರ್ಸರ್ ಇರುವ ಜಾಗದ ಬಣ್ಣವನ್ನು ಅಂಕಿಗಳಲ್ಲಿ ತೋರಿಸುವ ಇನ್ಫೊ ಪ್ಯಾನೆಲ್ ತೆರೆದು, ಜಗಲಿಯ ಕಂಬದ ಹಿಂದಿನ ಅತಿ ಕತ್ತಲ ಜಾಗದ ಮೇಲೆ ಕರ್ಸರ್ ಇಟ್ಟು ನೋಡಿ. 0 (ಅಚ್ಚ ಕಪ್ಪು)ಯಿಂದ 255 (ಅಚ್ಚ ಬಿಳಿ)ರ ಅಳತೆಯಲ್ಲಿ ಅಲ್ಲಿ 30ರ ಆಸುಪಾಸು ಬಂದು, ಅಜ್ಜನವರ ಕರಿ ಕೋಟಿನಲ್ಲಿ 5 ಬಂದರೆ, ಅವರ ಕಪ್ಪು ಆ ಜಗಲಿಯ ಕಪ್ಪಲ್ಲ. ಕ್ಲಿಪ್ ಮಾಡಿದ, ಬೆಳಕು-ಕತ್ತಲೆಯ ಮಟ್ಟ ಹೊಂದಿಸುವ ಕರ್ವ್ಸ್ ಲೇಯರಿನಲ್ಲಿ ಗೆರೆಯ ಎಡತುದಿಯನ್ನು ಅಷ್ಟು ಮೇಲೆತ್ತಿ. ಹಾಗೆಯೇ ಅವರ ಪಂಚೆಯ ಬಿಳುಪನ್ನು ಪಕ್ಕದಲ್ಲಿ ನಿಂತವರ ಬಿಳಿ ಅಂಗಿಯೊಡನೆ ಹೋಲಿಸಿ. ಸಂಜೆಯ ಬಿಸಿಲಿನಲ್ಲಿ ಯಾರ ಬಿಳಿಯೂ ಅಚ್ಚ ಬಿಳಿಯಾಗಿರುವುದಿಲ್ಲ. ನೀಲಿ ಚಾನೆಲನ್ನು ತುಸು ಇಳಿಸಿದರೆ ಪಂಚೆಗೂ ಅದೇ ಹಳದಿ ಛಾಯೆ ಬರುತ್ತದೆ.

ಬಿಸಿಲು ಒಂದು ಬದಿಯಿಂದ ಬೀಳುತ್ತಿದ್ದರೆ ಎದುರು ಬದಿಯ ಕೆನ್ನೆಯನ್ನೂ ತೋಳನ್ನೂ ಅಲ್ಪಸ್ವಲ್ಪ ಕಪ್ಪಾಗಿಸಿ. ಮೂಲ ಫೋಟೊದಲ್ಲಿ ಬೆಳಕು ಇನ್ನೊಂದು ಬದಿಯಿಂದ ಬಂದಿದ್ದರೂ, ಸುಲಭವೆಂದು ಇಡೀ ಆಕೃತಿಯನ್ನು ಅಡ್ಡಲಾಗಿ ತಿರುಗಿಸಬೇಡಿ. ಕೋಟಿನ ಜೇಬು, ಶಲ್ಯ ಹೊದ್ದ ಹೆಗಲು, ಕೈಗಡಿಯಾರ ಎಲ್ಲವೂ ಅದಲುಬದಲಾಗುವುದಲ್ಲದೆ, ಅವರನ್ನು ಕಂಡು ಬಲ್ಲವರಿಗೆ ಮುಖವೂ ಬೇರೆಯವರದೆಂಬಂತೆ ತೋರುತ್ತದೆ.

ನೆರಳನ್ನು ಎರಡು ಲೇಯರುಗಳಲ್ಲಿ, ಕೆಳಗಿನ ಚಿತ್ರವನ್ನು ಗಾಢವಾಗಿಸುವ ‘ಮಲ್ಟಿಪ್ಲೈ’ ಮೋಡಿನಲ್ಲಿ ಬರೆಯಿರಿ. ಪಾದ ನೆಲವನ್ನು ಮುಟ್ಟುವಲ್ಲಿ ಕಿರಿದಾದ, ಗಾಢವಾದ ಗೆರೆ ಒಂದು. ಉಳಿದವರ ನೆರಳು ಚಾಚಿದ ದಿಕ್ಕಿಗೇ ಚಾಚಿ, ದೂರ ಹೋದಂತೆ ತಿಳಿಯಾಗುತ್ತ ಮಸುಕಾಗುವ ನೆರಳು ಇನ್ನೊಂದು. ಮೊದಲನೆಯದಿಲ್ಲದಿದ್ದರೆ ಮನುಷ್ಯ ತೇಲುತ್ತಿರುವಂತೆ ಕಾಣುತ್ತಾನೆ. ಬಣ್ಣಕ್ಕೆ ಅಚ್ಚ ಕಪ್ಪು ಬೇಡ, ಆ ಚಿತ್ರದ ನೆರಳಿನಿಂದಲೇ ಎತ್ತಿಕೊಳ್ಳಿ. ನಿಮ್ಮ ಜಗಲಿಯದು ಕೆಂಪು ಕಾವಿ ನೆಲವಾಗಿದ್ದರೆ, ಅದರ ಕೆಂಪು ಪಂಚೆಯ ಕೆಳಗಿನ ನಾಲ್ಕು ಬೆರಳಷ್ಟು ಭಾಗಕ್ಕೆ ಬಹಳ ನವುರಾಗಿ ಹತ್ತಿರಬೇಕು. ನೋಡುವವರಿಗೆ ಇದು ಎದ್ದು ಕಾಣುವುದಿಲ್ಲ, ಆದರೆ ಅಜ್ಜನವರು ಆ ನೆಲದ ಮೇಲೆಯೇ ನಿಂತಿದ್ದಾರೆಂದು ಕಣ್ಣು ಒಪ್ಪುವುದು ಬಹುಪಾಲು ಇದರಿಂದಲೇ.

ಕೊನೆಯದಾಗಿ, ಹಳೆಯ ಮುದ್ರಿತ ಫೋಟೊದಲ್ಲಿ ಕಣಕಣವಾದ ಗ್ರೇನ್ ಇರುತ್ತದೆ, ಮೊಬೈಲಿನ ಚಿತ್ರ ನುಣುಪಾಗಿರುತ್ತದೆ. ಅಜ್ಜನವರ ಮುಖವನ್ನು ಉಜ್ಜಿ ನುಣುಪು ಮಾಡುವುದಾಗಲಿ, ಶಾರ್ಪನ್ ಮಾಡುವುದಾಗಲಿ ಬೇಡ. ಉಳಿದಿರುವ ಒಂದೇ ಚಿತ್ರದ ಮುಖಲಕ್ಷಣ ಅದರಿಂದ ಕೆಡುತ್ತದೆ. ಬದಲಿಗೆ ಮೊಬೈಲಿನ ಚಿತ್ರವನ್ನೇ ಅರ್ಧ ಪಿಕ್ಸೆಲ್‌ನಷ್ಟು ಮಸುಕು ಮಾಡಿ, ಅದಕ್ಕೆ ಶೇ 2–3ರಷ್ಟು ನಾಯ್ಸ್ (ಗ್ರೇನಿನಂತೆ ಕಾಣುವ ಕಣಗಳು) ಸೇರಿಸಿ.