ವಾಂತಿ ನಿಂತಿದ್ದಕ್ಕೆ ಹೆದರಬೇಡಿ

ತಿಪಟೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

"ನನಗೀಗ 15ನೇ ವಾರ. ಇದು ಮೊದಲನೆಯದು. 13ನೇ ವಾರದವರೆಗೂ ವಾಂತಿ ಕಾಡಿಸಿತು. ಆಮೇಲೆ ಒಮ್ಮೆಲೇ ನಿಂತುಹೋಯಿತು. ಈಗ ಬಸುರಿ ಅಂತಲೇ ಅನ್ನಿಸುವುದಿಲ್ಲ. ಹೊಟ್ಟೆಯೂ ಕಾಣುತ್ತಿಲ್ಲ ಅಂತ ಅತ್ತೆ ಹೇಳುತ್ತಾರೆ. ಪಕ್ಕದ ಮನೆಯ ಅಕ್ಕನಿಗೆ ನಾಲ್ಕು ತಿಂಗಳಿಗೇ ಮಗು ಮಿಸುಕಾಡಿದ್ದು ಗೊತ್ತಾಗಿತ್ತಂತೆ. ನನಗೆ ಏನೂ ಗೊತ್ತಾಗುತ್ತಿಲ್ಲ. ಮಗ್ಗುಲು ಬದಲಿಸಿದರೆ ಕೆಳಹೊಟ್ಟೆಯ ಪಕ್ಕದಲ್ಲಿ ಚುಚ್ಚಿದಂತೆ ನೋವು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗಿ, ಮಲಬದ್ಧತೆ ಶುರುವಾಯಿತು, ಅದಕ್ಕೇ ಬಿಟ್ಟುಬಿಟ್ಟಿದ್ದೇನೆ. ಮಗು ಚೆನ್ನಾಗಿದೆಯೋ ಇಲ್ಲವೋ ಅಂತ ರಾತ್ರಿಯೆಲ್ಲ ಯೋಚನೆ. ಇನ್ನೊಂದು ಸ್ಕ್ಯಾನ್ ಮಾಡಿಸಲೇ? ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಬಸ್ಸಿನಲ್ಲಿ ತವರಿಗೆ ಹೋಗಿಬರಬಹುದೇ?"

ಪ್ರಿಯ ತಂಗಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಬರೆದಿರುವುದೆಲ್ಲ 15ನೇ ವಾರದಲ್ಲಿ ಆಗುವಂಥದ್ದೇ. ನನಗೆ ಕಳವಳ ಆಗಿದ್ದು ಒಂದೇ ವಿಷಯಕ್ಕೆ, ಮಾತ್ರೆ ಬಿಟ್ಟಿದ್ದಕ್ಕೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ನಿದ್ದೆ ಕೆಡಿಸಿರುವ ವಿಷಯಕ್ಕೆ ಬರೋಣ.

ಗರ್ಭ ನಿಂತ ಮೇಲೆ ಎಚ್‌ಸಿಜಿ ಎಂಬ ಹಾರ್ಮೋನು ದಿನದಿನಕ್ಕೂ ಏರುತ್ತದೆ. ಸುಮಾರು 10ನೇ ವಾರದ ಹೊತ್ತಿಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ವಾಂತಿ, ಓಕರಿಕೆ ಜೋರಾಗಿರುವುದೂ ಹೆಚ್ಚುಕಡಿಮೆ ಆಗಲೇ. ಹೆಚ್ಚಿನವರಿಗೆ 12ರಿಂದ 16ನೇ ವಾರದೊಳಗೆ ಅದು ತಗ್ಗುತ್ತದೆ. ಕೆಲವರಿಗೆ ನಿಧಾನವಾಗಿ, ಕೆಲವರಿಗೆ ನಿಮ್ಮ ಹಾಗೆ ಒಮ್ಮೆಲೇ. ಅಷ್ಟರಲ್ಲಿ ಮಾಸು ಬೆಳೆದು, ಗರ್ಭಕ್ಕೆ ಬೇಕಾದ ಹಾರ್ಮೋನುಗಳನ್ನು ತಾನೇ ತಯಾರಿಸಿಕೊಳ್ಳುತ್ತಿರುತ್ತದೆ. ಸ್ತನಗಳ ನೋವು, ವಿಪರೀತ ಸುಸ್ತು ಕಡಿಮೆಯಾಗುವುದೂ ಇದೇ ಸಮಯದಲ್ಲಿ. ಗರ್ಭಪಾತದ ಭಯವೂ ಮೊದಲ ಮೂರು ತಿಂಗಳಿಗೆ ಹೋಲಿಸಿದರೆ ಈಗ ತುಂಬಾ ಕಡಿಮೆ.

ಹಾಗಾದರೆ ಹೆದರಿಕೆ ಯಾಕೆ ಬರುತ್ತದೆ? ಮೂರು ತಿಂಗಳು ವಾಂತಿಯನ್ನೇ ಮಗು ಇರುವುದರ ಗುರುತು ಅಂದುಕೊಂಡಿದ್ದಿರಿ. ಅದು ನಿಂತ ತಕ್ಷಣ ಗುರುತೇ ಹೋದಂತಾಯಿತು. ಇನ್ನೊಂದು ಗುರುತು, ಅಂದರೆ ಮಿಸುಕಾಟ, ಇನ್ನೂ ಬಂದಿಲ್ಲ. ಮೊದಲ ಬಸುರಿನಲ್ಲಿ ಇವೆರಡರ ನಡುವೆ ನಾಲ್ಕಾರು ವಾರ ಖಾಲಿ ಬೀಳುತ್ತದೆ. ತಾಯಿಗೆ ತಾನಾಗಿ ತಿಳಿಯುವ ಸೂಚನೆ ಒಂದೂ ಇರುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ಈ ವಾರಗಳಲ್ಲಿ ಒಳಗೊಳಗೇ ನಡುಗುತ್ತಾರೆ, ಯಾರಿಗೂ ಹೇಳುವುದಿಲ್ಲ. ನೀವು ಬರೆದಿದ್ದು ಒಳ್ಳೆಯದಾಯಿತು.

ಮಗು ಈಗಲೂ ಚೆನ್ನಾಗಿಯೇ ಕೈಕಾಲು ಆಡಿಸುತ್ತಿರುತ್ತದೆ. ಸ್ಕ್ಯಾನ್‌ನಲ್ಲಿ ನೋಡಿದರೆ ಕಾಣುತ್ತದೆ. ಆದರೆ 16ನೇ ವಾರದಲ್ಲೂ ಅದರ ತೂಕ 100 ಗ್ರಾಂ ಆಸುಪಾಸು, ಅಷ್ಟೇ. ಸುತ್ತಲೂ ನೀರಿದೆ. ಅಷ್ಟು ಪುಟ್ಟ ಕಾಲಿನ ಒದೆತ ನಿಮಗೆ ತಿಳಿಯುವುದು ಹೇಗೆ? ಮೊದಲ ಸಲದವರಿಗೆ ಸಾಮಾನ್ಯವಾಗಿ 18ರಿಂದ 20ನೇ ವಾರಕ್ಕೆ ಗೊತ್ತಾಗುತ್ತದೆ, ಕೆಲವರಿಗೆ ಇನ್ನೂ ಸ್ವಲ್ಪ ತಡ. ಮಾಸು ಗರ್ಭಕೋಶದ ಮುಂಭಾಗದಲ್ಲಿ ಅಂಟಿಕೊಂಡಿದ್ದರೂ ತಡವಾಗುತ್ತದೆ. ಶುರುವಿನಲ್ಲಿ ಅದು ಒದ್ದಂತೆ ಇರುವುದಿಲ್ಲ. ಹೊಟ್ಟೆಯಲ್ಲಿ ಗ್ಯಾಸ್ ಓಡಾಡಿದ ಹಾಗೆ ಅನ್ನಿಸಿ ಸುಮ್ಮನಾಗುವವರೇ ಜಾಸ್ತಿ. 24ನೇ ವಾರ ತುಂಬಿದರೂ ಏನೂ ತಿಳಿಯದಿದ್ದರೆ ಮಾತ್ರ ಡಾಕ್ಟರಿಗೆ ಹೇಳಲೇಬೇಕು.

ಪಕ್ಕದ ಮನೆಯ ಅಕ್ಕ ಸುಳ್ಳು ಹೇಳುತ್ತಿಲ್ಲ. ಅವರಿಗೆ ಅದು ಎರಡನೆಯ ಮಗುವಾಗಿದ್ದರೆ 16ನೇ ವಾರಕ್ಕೇ ತಿಳಿದಿರಬಹುದು. ಲೆಕ್ಕದ ಗೊಂದಲವೂ ಇರಬಹುದು. ಡಾಕ್ಟರು ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ವಾರ ಎಣಿಸುತ್ತಾರೆ. ಮನೆಯಲ್ಲಿ ಮುಟ್ಟು ತಪ್ಪಿದ ತಿಂಗಳಿನಿಂದ ಎಣಿಸುವವರಿದ್ದಾರೆ. ಅವರ ನಾಲ್ಕು ತಿಂಗಳು ತಾಯಿ ಕಾರ್ಡಿನ ಲೆಕ್ಕದಲ್ಲಿ ಐದು ಆಗಿದ್ದರೂ ಆಶ್ಚರ್ಯವಿಲ್ಲ.

ಹೊಟ್ಟೆ ಕಾಣದಿರುವುದಕ್ಕೂ ಇದೇ ಉತ್ತರ. 12ನೇ ವಾರದವರೆಗೂ ಗರ್ಭಕೋಶ ಸೊಂಟದ ಮೂಳೆಗಳ ಒಳಗೇ ಅಡಗಿರುತ್ತದೆ. 16ನೇ ವಾರಕ್ಕೆ ಅದರ ತುದಿ ಹೊಕ್ಕುಳಿಗೂ ಕೆಳಗಿನ ಮೂಳೆಗೂ ನಡುವೆ ಸಿಗುತ್ತದೆ. ಹೊಕ್ಕುಳು ಮುಟ್ಟುವುದು 20ನೇ ವಾರಕ್ಕೆ. ಮೊದಲ ಬಸುರಿನಲ್ಲಿ ಹೊಟ್ಟೆಯ ಸ್ನಾಯು ಬಿಗಿಯಾಗಿರುವುದರಿಂದ ಹೊರಗೆ ಕಾಣುವುದು ನಿಧಾನ. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಅವರೂ ಕಾಳಜಿಯಿಂದಲೇ ಹೇಳಿರುತ್ತಾರೆ. ಆದರೆ ದಿನಾ "ಹೊಟ್ಟೆ ಕಾಣ್ತಿಲ್ಲ" ಎಂಬ ಮಾತು ಬಸುರಿಯ ಕಿವಿಗೆ ಬೀಳಬಾರದು.

ಮಗು ಚೆನ್ನಾಗಿದೆಯೋ ಎಂದು ತಿಳಿಯಲು ಸುಲಭದ ದಾರಿ ಇದೆ. ಮುಂದಿನ ತಪಾಸಣೆಯಲ್ಲಿ "ಎದೆಬಡಿತ ಕೇಳಿಸಿ" ಎಂದು ಬಾಯಿಬಿಟ್ಟು ಕೇಳಿ. ಹೊಟ್ಟೆಯ ಮೇಲೆ ಡಾಪ್ಲರ್ ಎಂಬ ಪುಟ್ಟ ಯಂತ್ರ ಇಟ್ಟರೆ ಈ ವಾರಗಳಲ್ಲಿ ಸಾಮಾನ್ಯವಾಗಿ ಕೇಳಿಸುತ್ತದೆ. ನಿಮಿಷಕ್ಕೆ 110ರಿಂದ 160 ಸಲ ಬಡಿಯುತ್ತದೆ, ನಿಮ್ಮದಕ್ಕಿಂತ ಎಷ್ಟೋ ವೇಗ. ಕೇಳುವುದಕ್ಕೆ ಸಂಕೋಚ ಬೇಡ. ಆನ್‌ಲೈನಿನಲ್ಲಿ ಸಿಗುವ ಡಾಪ್ಲರ್ ತರಿಸಿ ಮನೆಯಲ್ಲಿ ಪರೀಕ್ಷೆ ಮಾಡಿಕೊಳ್ಳಬೇಡಿ. ಮಗುವಿನ ಬಡಿತ ಸಿಗದೆ ಗಾಬರಿಯಾಗಬಹುದು. ತಾಯಿಯ ಬಡಿತವನ್ನೇ ಮಗುವಿನದು ಅಂದುಕೊಂಡು ಆಸ್ಪತ್ರೆಗೆ ಹೋಗುವುದು ತಡವಾಗಲೂಬಹುದು.

ಸುಮ್ನೆ ಸಮಾಧಾನಕ್ಕೆಂದು ಇನ್ನೊಂದು ಸ್ಕ್ಯಾನ್ ಬೇಡ. ಆದರೆ 18ರಿಂದ 20ನೇ ವಾರದ ನಡುವಿನ ಅನಾಮಲಿ ಸ್ಕ್ಯಾನನ್ನು ತಪ್ಪಿಸಲೇಬೇಡಿ. ಹಲವರು ಅದನ್ನು ಐದನೇ ತಿಂಗಳ ಸ್ಕ್ಯಾನ್ ಎನ್ನುತ್ತಾರೆ. ಮಗುವಿನ ಮಿದುಳು, ಬೆನ್ನುಮೂಳೆ, ಹೃದಯದ ನಾಲ್ಕು ಕೋಣೆ, ಮೂತ್ರಪಿಂಡ, ಕೈಕಾಲು ಎಲ್ಲವನ್ನೂ ಒಂದೊಂದಾಗಿ ನೋಡುವುದು ಆಗಲೇ. ಹಬ್ಬ, ಮದುವೆ, ರಜೆ ಸಿಗಲಿಲ್ಲ ಎಂದು ಮುಂದೂಡಿದರೆ, ತೊಂದರೆ ಏನಾದರೂ ಕಂಡಾಗ ಮುಂದಿನ ಪರೀಕ್ಷೆಗೆ, ತೀರ್ಮಾನಕ್ಕೆ ಸಮಯವೇ ಉಳಿಯುವುದಿಲ್ಲ. "ಮಾಸು ಕೆಳಗಿದೆ" ಎಂದು ವರದಿಯಲ್ಲಿ ಬಂದರೆ ಆಗಲೇ ಗಾಬರಿಯಾಗಬೇಡಿ. ಗರ್ಭಕೋಶ ಬೆಳೆದ ಹಾಗೆ ಹೆಚ್ಚಿನವರಲ್ಲಿ ಅದು ಮೇಲೆ ಸರಿಯುತ್ತದೆ. ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ಹುಟ್ಟುದೋಷದ ಸಾಧ್ಯತೆ ಇದೆಯೇ ಎಂದು ನೋಡಲು 11ರಿಂದ 13ನೇ ವಾರದಲ್ಲಿ ಮಾಡುವ ಎನ್‌ಟಿ ಸ್ಕ್ಯಾನ್ ಮತ್ತು ಅದರ ಜೊತೆಗಿನ ರಕ್ತ ಪರೀಕ್ಷೆ ತಪ್ಪಿಹೋಗಿದ್ದರೆ, ಈಗ ಮಾಡುವ ಕ್ವಾಡ್ರುಪಲ್ ಮಾರ್ಕರ್ ರಕ್ತ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ವಿಚಾರಿಸಿ.

ಸ್ಕ್ಯಾನ್ ಕೋಣೆಯಲ್ಲಿ ಗಂಡೋ ಹೆಣ್ಣೋ ಎಂದು ಯಾರೂ ಕೇಳುವ ಹಾಗಿಲ್ಲ, ಯಾರೂ ಹೇಳುವ ಹಾಗಿಲ್ಲ. 1994ರ ಕಾಯ್ದೆ ಅದನ್ನು ಅಪರಾಧ ಎಂದಿದೆ. ನೆಂಟರು ಯಾರೇ ಒತ್ತಾಯ ಮಾಡಿದರೂ ನೀವು ಗಟ್ಟಿಯಾಗಿ ಬೇಡ ಎನ್ನಿ.

ಇನ್ನು ಆ ಚುಚ್ಚುವ ನೋವು. ಗರ್ಭಕೋಶವನ್ನು ಎರಡೂ ಬದಿಯಿಂದ ಹಿಡಿದಿಟ್ಟಿರುವ ನಾರಿನಂಥ ಕಟ್ಟುಗಳಿವೆ. ಗರ್ಭಕೋಶ ದೊಡ್ಡದಾದಂತೆ ಅವು ಎಳೆಯುತ್ತವೆ. ತಟ್ಟನೆ ಮಗ್ಗುಲಾದಾಗ, ಎದ್ದಾಗ, ಕೆಮ್ಮಿದಾಗ, ಸೀನಿದಾಗ ಕೆಲವು ಕ್ಷಣ ಚುಚ್ಚಿ ಹೋಗುತ್ತದೆ. ಏಳುವಾಗ ಒಂದು ಮಗ್ಗುಲಿಗೆ ಹೊರಳಿ, ಕೈ ಊರಿ, ನಿಧಾನವಾಗಿ ಏಳಿ. ಬಿಡದೆ ಇರುವ ನೋವು, ಬಿಟ್ಟು ಬಿಟ್ಟು ಹಿಂಡಿದಂತೆ ಬರುವ ನೋವು ಬೇರೆ. ಅಂಥ ನೋವು ಬಂದರೆ, ರಕ್ತ ಕಂಡರೆ, ನೀರು ಹೋದರೆ, ಜ್ವರ ಬಂದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ಉರಿಮೂತ್ರವನ್ನೂ ಎಳನೀರು ಕುಡಿದು ಮುಂದೂಡಬೇಡಿ. ಬಸುರಿನಲ್ಲಿ ಮೂತ್ರದ ಸೋಂಕು ಬೇಗ ಮೂತ್ರಪಿಂಡಕ್ಕೆ ಏರುತ್ತದೆ. ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಬೇಡಿ.

ಮುಂದಿನ ವಾರಗಳಲ್ಲಿ ಇನ್ನೂ ಕೆಲವು ಕಾಣಿಸಬಹುದು, ಆಗ ಹೆದರದಿರಲಿ ಎಂದು ಹೇಳುತ್ತೇನೆ. ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುವುದರಿಂದ ಮೂಗು ಕಟ್ಟುವುದು, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುವುದು ಸಾಮಾನ್ಯ. ರಕ್ತದೊತ್ತಡ ಸ್ವಲ್ಪ ಇಳಿಯುವುದರಿಂದ ತಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಬಿಳಿ ಹೋಗುವುದು ಜಾಸ್ತಿಯಾಗುತ್ತದೆ. ಅದು ಕೆಟ್ಟ ವಾಸನೆ ಬಂದರೆ, ತುರಿಸಿದರೆ ತೋರಿಸಿ. ಹೊಟ್ಟೆಯ ಮೇಲೆ ಕಪ್ಪು ಗೆರೆ, ಮುಖದಲ್ಲಿ ಬಂಗು ಬರಬಹುದು. ಹಲ್ಲು ಹುಳುಕಿದ್ದರೆ ಅದಕ್ಕೆ ಚಿಕಿತ್ಸೆ ಪಡೆಯಲು ಬಸುರಿನ ನಡುವಿನ ಈ ಮೂರು ತಿಂಗಳೇ ಅನುಕೂಲ.

ಈಗ ಮಾತ್ರೆಯ ವಿಷಯ. ತಂಗಿ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇಕಡ 52 ಮಂದಿಗೆ ರಕ್ತಹೀನತೆ ಕಂಡುಬಂತು. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. ಮೈಯಲ್ಲಿ ರಕ್ತ ಚೆನ್ನಾಗಿದ್ದವಳು ಅದನ್ನು ತಡೆದುಕೊಳ್ಳುತ್ತಾಳೆ. ರಕ್ತವಿಲ್ಲದವಳ ಜೀವಕ್ಕೇ ಅಪಾಯ. ಹೆರಿಗೆಯ ತಿಂಗಳಲ್ಲಿ ಓಡಾಡಿದರೆ ಆ ಕೊರತೆ ತುಂಬುವುದು ಕಷ್ಟ. ಅದಕ್ಕೇ ಸರ್ಕಾರಿ ಕಾರ್ಯಕ್ರಮದಲ್ಲಿ ನಾಲ್ಕನೇ ತಿಂಗಳಿನಿಂದಲೇ ದಿನಕ್ಕೊಂದು ಮಾತ್ರೆ ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಬಸುರಿನಲ್ಲಿ ಕಡಿಮೆ ಎಂದರೂ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ತೆಗೆದುಕೊಳ್ಳಬೇಕು.

ಮಲ ಕಪ್ಪಾಗುವುದು ಮೈ ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ. ಅದರಿಂದ ಏನೂ ತೊಂದರೆಯಿಲ್ಲ. ಮಲಬದ್ಧತೆಗೆ ಮಾತ್ರೆಯೊಂದೇ ಕಾರಣವಲ್ಲ, ಬಸುರಿನ ಹಾರ್ಮೋನುಗಳಿಂದ ಕರುಳೂ ನಿಧಾನವಾಗಿರುತ್ತದೆ. ನೀರು, ಸೊಪ್ಪು, ಹಣ್ಣು ಜಾಸ್ತಿ ಮಾಡಿ, ಸಂಜೆ ಸ್ವಲ್ಪ ನಡೆಯಿರಿ. ಬರಿಹೊಟ್ಟೆಯಲ್ಲಿ ಮಾತ್ರೆ ಆಗದಿದ್ದರೆ ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು ತೆಗೆದುಕೊಳ್ಳಿ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ, ಟೀ ಹತ್ತಿರಕ್ಕೂ ಬೇಡ, ಅವು ಅದನ್ನು ತಡೆಯುತ್ತವೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ನುಂಗಬಾರದು. ಅದನ್ನು ದಿನಕ್ಕೆ ಎರಡು ಸಲ, ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟದ ಜೊತೆ ತೆಗೆದುಕೊಳ್ಳಿ, ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆಯಾದರೂ ಇರಲಿ. ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಬೇರೆ ಬಗೆಯ ಕಬ್ಬಿಣದ ಮಾತ್ರೆ ಇದೆ, ರಕ್ತ ತೀರಾ ಕಡಿಮೆಯಿದ್ದರೆ ಡ್ರಿಪ್ ಮೂಲಕ ಕೊಡುವ ಕಬ್ಬಿಣವೂ ಇದೆ. ಆದ್ದರಿಂದ ನೀವಾಗಿ ನಿಲ್ಲಿಸಬೇಡಿ, ಆಶಾ ಕಾರ್ಯಕರ್ತೆಗಾಗಲಿ ಡಾಕ್ಟರಿಗಾಗಲಿ ಹೇಳಿ. ನಿಮ್ಮ ಹಿಮೋಗ್ಲೋಬಿನ್ ಎಷ್ಟೆಂದು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. 11ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಜಂತುಹುಳದ ಮಾತ್ರೆಯನ್ನೂ ಸಾಮಾನ್ಯವಾಗಿ ಈ ತಿಂಗಳುಗಳಲ್ಲೇ ಕೊಡುತ್ತಾರೆ. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕು ಅನ್ನಿಸುತ್ತಿದ್ದರೆ ನಾಚದೆ ಹೇಳಿ. ಕಬ್ಬಿಣದ ಕೊರತೆಯಿದ್ದವರಿಗೆ ಹಾಗೆ ಆಗುವುದುಂಟು.

ಊಟದ ಬಗ್ಗೆ ನೀವು ಕೇಳಿಲ್ಲ. ವಾಂತಿ ನಿಂತ ಮೇಲೆ ಹಸಿವು ತಿರುಗಿ ಬರುತ್ತದೆ, ಇಬ್ಬರ ಊಟ ಮಾಡು ಎನ್ನುವವರೂ ಬರುತ್ತಾರೆ. ಈಗ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚಿಗೆ ಸಾಕು. ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ, ಒಂದು ಬಾಳೆಹಣ್ಣು ಅಂದರೆ ಹೆಚ್ಚುಕಡಿಮೆ ಅಷ್ಟಾಯಿತು. ನಿಮ್ಮ ಕಡೆ ರಾಗಿಗೆ ಬರವಿಲ್ಲ. ಮುದ್ದೆ, ಸೊಪ್ಪಿನ ಸಾರು, ಮೊಳಕೆಕಾಳು, ತಿನ್ನುವ ಅಭ್ಯಾಸವಿದ್ದರೆ ಮೊಟ್ಟೆ, ಇವಕ್ಕಿಂತ ದುಡ್ಡು ಕೊಟ್ಟು ತರುವ ಡಬ್ಬದ ಪುಡಿ ಮೇಲೇನಲ್ಲ. ಮಾತೃಪೂರ್ಣ ಯೋಜನೆಯ ಊಟದ ಬಗ್ಗೆ ಅಂಗನವಾಡಿಯಲ್ಲಿ ಕೇಳಿ. ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು ಆಗಿದೆಯೇ ಎಂದೂ ನೋಡಿಕೊಳ್ಳಿ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರೇ ಉಚಿತವಾಗಿ ತಪಾಸಣೆ ಮಾಡುತ್ತಾರೆ.

ರಾತ್ರಿ ಹೇಗೆ ಮಲಗಿದರೆ ನಿದ್ದೆ ಬರುತ್ತದೋ ಹಾಗೆ ಮಲಗಿ. ಮಗ್ಗುಲಾಗಿ ಮಲಗುವುದು ಮುಖ್ಯವಾಗುವುದು 28ನೇ ವಾರದ ನಂತರ. ಎದೆಬಡಿತ ಕೇಳಿದ ಮೇಲೂ ಹೆದರಿಕೆ ಹೋಗದಿದ್ದರೆ, ಎರಡು ವಾರ ಕಳೆದರೂ ಅಳು, ನಿದ್ದೆಗೇಡು ಹಾಗೇ ಇದ್ದರೆ, ಅದನ್ನೂ ಡಾಕ್ಟರಿಗೆ ಹೇಳಬೇಕು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ತವರಿಗೆ ಖಂಡಿತ ಹೋಗಿಬನ್ನಿ. ರಕ್ತಸ್ರಾವ ಆಗಿರದಿದ್ದರೆ, ಡಾಕ್ಟರು ವಿಶ್ರಾಂತಿ ಹೇಳಿರದಿದ್ದರೆ, ಪ್ರಯಾಣಕ್ಕೆ ಇಡೀ ಬಸುರಿನಲ್ಲೇ ಒಳ್ಳೆಯ ಸಮಯ ಇದು. ಹಿಂದಿನ ಸೀಟು ಬೇಡ, ನಡುವಿನ ಸೀಟು ಹಿಡಿಯಿರಿ. ದೂರದ ದಾರಿಯಾದರೆ ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಮೂತ್ರ ತಡೆಹಿಡಿಯಬೇಡಿ. ತಾಯಿ ಕಾರ್ಡ್ ಚೀಲದಲ್ಲಿರಲಿ.

ಯಜಮಾನರಿಗೆ ನನ್ನ ಪರವಾಗಿ ಒಂದು ಮಾತು ಹೇಳಿ. ಅನಾಮಲಿ ಸ್ಕ್ಯಾನ್‌ನ ದಿನವನ್ನು ಈಗಲೇ ಗೊತ್ತು ಮಾಡಿ, ಅವತ್ತಿಗೆ ರಜೆ ಹಾಕಲಿ. ವಾರಕ್ಕೊಮ್ಮೆ ಬಂದಾಗ ಮಾತ್ರೆಯ ಹಾಳೆ ನೋಡಿ, ಏಳು ಖಾಲಿಯಾಗಿವೆಯೇ ಎಂದು ಎಣಿಸಲಿ. ತಡರಾತ್ರಿ ತೊಂದರೆಯಾದರೆ 108ಕ್ಕೆ ಯಾರು ಫೋನ್ ಮಾಡಬೇಕು, ನಿಮ್ಮ ಜೊತೆ ಯಾರು ಹೋಗಬೇಕು ಎಂಬುದನ್ನು ಅವರು, ನೀವು, ಅತ್ತೆಯವರು ಕೂತು ಈ ಭಾನುವಾರವೇ ಮಾತನಾಡಿಕೊಳ್ಳಿ.

— ಸಂಪಾದಕಿ