ಅಪ್ಪನ ಕ್ಯಾನೊನೆಟ್‌ಗೆ ಯಾವ ಫ್ಲಾಶ್?

ಪ್ರಶ್ನೆ: ಸರ್, ಅಪ್ಪನ ಹಳೇ ಕ್ಯಾನೊನೆಟ್ ಕ್ಯೂಎಲ್17 ಜಿ-3 ರೇಂಜ್‌ಫೈಂಡರ್ ಫಿಲಂ ಕ್ಯಾಮೆರಾ ರಿಪೇರಿ ಮಾಡಿಸಿದ್ದೇನೆ. ಮುಂದಿನ ತಿಂಗಳು ಅಕ್ಕನ ಮಗುವಿನ ನಾಮಕರಣ, ನಮ್ಮ ಹಂಚಿನ ಮನೆಯಲ್ಲೇ. ಐಎಸ್‌ಒ 400ರ ಕಲರ್ ರೋಲ್ ತಂದಿಟ್ಟಿದ್ದೇನೆ. ಅಂಗಡಿಯವರು ಟಿಟಿಎಲ್ ಫ್ಲಾಶೇ ತಗೊಳ್ಳಿ ಅಂತಾರೆ. ಬೇಕಾ?
– ಒಬ್ಬ ಓದುಗ, ಮಂಡ್ಯ

ಉತ್ತರ: ಬೇಡ. ಟಿಟಿಎಲ್ ಅಂದ್ರೆ ಲೆನ್ಸಿನಿಂದ ಒಳಗೆ ಬಂದ ಫ್ಲಾಶ್ ಬೆಳಕನ್ನು ಅಳೆಯೋದು, ಅದು 1972ರ ಆ ಕ್ಯಾಮೆರಾಗೆ ಬರೋದಿಲ್ಲ. ಟಿಟಿಎಲ್‌ಗೆ ಕೊಡುವ ದುಡ್ಡು ದಂಡ.

ಮುಖದ ಮೇಲೆ ಪುಟ್ಟ ಸೆನ್ಸರ್ ಕಣ್ಣಿದ್ದು, ಬೆಳಕು ಸಾಕಾದಾಗ ತಾನೇ ನಿಲ್ಲಿಸುವ ಹಳೇ ಆಟೋ ಫ್ಲಾಶ್ ಹುಡುಕಿ. ಗೈಡ್ ನಂಬರ್, ಅಂದ್ರೆ ಫ್ಲಾಶಿನ ಶಕ್ತಿಯ ಅಂಕಿ, 20ರ ಆಸುಪಾಸು ಸಾಕು (100ರ ರೋಲಿಗೆ, ಮೀಟರ್ ಲೆಕ್ಕ). ವಿವಿಟಾರ್ 283 ಒಳ್ಳೆಯದೇ, ಆದರೆ ಈ ಪುಟ್ಟ ಕ್ಯಾಮೆರಾ ಮೇಲೆ ಕೂರಿಸಿದರೆ ತಲೆಭಾರ. ಕೊಳ್ಳುವಾಗ ಪೆನ್ಸಿಲ್ ಸೆಲ್ ಹಾಕುವ ಗೂಡು ಬಿಚ್ಚಿ ನೋಡಿ. ಹಸಿರು ಕಿಲುಬು ಕಟ್ಟಿದ್ದರೆ ಸುಮ್ನೆ ವಾಪಸ್ ಕೊಟ್ಟುಬಿಡಿ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಫ್ಲಾಶ್ ಮೊದಲ ಸಲ ಚಾರ್ಜ್ ಆಗಲು ಹೊತ್ತು ಹಿಡಿಯುತ್ತದೆ. ನಾಲ್ಕೈದು ಸಲ ಹೊಡೆಸಿ ನೋಡಿ, ಆಮೇಲೂ ಹಾಗೇ ಇದ್ದರೆ ಬೇಡ.

ಬೆಳಕಿನ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗನ್ನು ‘ಎ’ಯಿಂದ (ಆಟೋ) ತೆಗೆದು, ಫ್ಲಾಶ್ ಮೇಲಿನ ಪಟ್ಟಿಯಲ್ಲಿ 400ಕ್ಕೆ ಯಾವ ನಂಬರ್ ಇದೆಯೋ ಅದನ್ನೇ ಇಡಿ. ಸೆನ್ಸರ್ ಕೈಕೊಟ್ಟರೆ ಲೆಕ್ಕ ಸುಲಭ. 400ರ ರೋಲಿಗೆ ಗೈಡ್ ನಂಬರ್ 20 ಇದ್ದದ್ದು 40 ಆಗುತ್ತದೆ. ಮಗು 5 ಮೀಟರ್ ದೂರವಿದ್ದರೆ 40 ಭಾಗಿಸು 5, ಎಫ್8.

ಮದುವೆ ಛತ್ರದ ಬಿಳಿ ಚಾವಣಿಗೆ ಫ್ಲಾಶ್ ಎತ್ತಿ ಹೊಡೆದ ಹಾಗೆ ಹಂಚಿಗೆ ಹೊಡೆಯಬೇಡಿ. ಅರ್ಧ ಬೆಳಕನ್ನು ಹಂಚೇ ನುಂಗುತ್ತದೆ, ಉಳಿದದ್ದು ಮಗುವಿನ ಮುಖಕ್ಕೆ ಕೆಂಪು ಬಳಿಯುತ್ತದೆ. ನೇರವಾಗೇ ಹೊಡೆಯಿರಿ. ಫ್ಲಾಶ್ ಬಾಯಿಗೆ ಬಿಳಿ ಕರ್ಚೀಫಿನ ಒಂದೇ ಪದರ ಕಟ್ಟಿ, ಸೆನ್ಸರ್ ಮಾತ್ರ ಮುಚ್ಚಬೇಡಿ. ತೊಟ್ಟಿಲನ್ನು ಗೋಡೆಯಿಂದ ಎರಡು ಹೆಜ್ಜೆ ಈಚೆ ಎಳೆಸಿ, ಇಲ್ಲಾಂದ್ರೆ ಹಿಂದೆ ದೆವ್ವದಂಥ ಕರಿ ನೆರಳು ನಿಲ್ಲುತ್ತದೆ. ಅಜ್ಜಿಯರು ಬೈತಾರೆ, ಬೈಸಿಕೊಳ್ಳಿ.

ಈ ಕ್ಯಾಮೆರಾದ ನಿಜವಾದ ಮಜಾ ಇರೋದು ಹೊರಗೆ. ಇದರದ್ದು ಲೀಫ್ ಶಟರ್, ಲೆನ್ಸಿನೊಳಗೇ ಎಲೆಗಳಂತೆ ತೆರೆದು ಮುಚ್ಚುವಂಥದ್ದು. 1/500 ಸೆಕೆಂಡಿನಲ್ಲೂ ಫ್ಲಾಶ್ ಜೊತೆಗೂಡುತ್ತದೆ. ಬಟ್ಟೆಯ ಪರದೆ ಓಡುವ ಲೈಕಾ ಎಂ3ಗೆ 1/50 ದಾಟಿದರೆ ಆಗದು! ಮಟಮಟ ಮಧ್ಯಾಹ್ನ ಅಂಗಳದ ಬಿಸಿಲಿಗೆ ಬೆನ್ನು ಮಾಡಿ ಕೂತ ಅಜ್ಜಿಯ ಮುಖ ಕಪ್ಪಾಗುತ್ತೆ ಅಲ್ವಾ? 1/500, ಎಫ್16 ಇಟ್ಟು, ಫ್ಲಾಶನ್ನು ಮ್ಯಾನ್ಯುಯಲ್‌ಗೆ ಹಾಕಿ, ಎರಡೂವರೆ ಮೀಟರ್ ದೂರದಿಂದ ಹೊಡೆಯಿರಿ. ಮುಖ, ಹಿಂದಿನ ಬಿಸಿಲು ಎರಡೂ ಸಿಗುತ್ತವೆ.

ಅದೇ ಫ್ಲಾಶನ್ನು ಡಿಜಿಟಲ್ ಕ್ಯಾಮೆರಾಗೆ ಮಾತ್ರ ಸಿಕ್ಕಿಸಬೇಡಿ. ಕೆಲವು ಹಳೇ ಫ್ಲಾಶ್‌ಗಳ ಪಿನ್ನಿನಲ್ಲಿ 200 ವೋಲ್ಟಿಗೂ ಜಾಸ್ತಿ ಇರುತ್ತದೆ.