ಟಿಟಿ-02 ಕಿಟ್ ಕೈಗೆ ಬಂದಿದೆ, ಮೊದಲು ಏನು ಅಪ್‌ಗ್ರೇಡ್ ಮಾಡಲಿ?

ನಿಮ್ಮ ಪ್ರಶ್ನೆ ಇಷ್ಟು: ಟಮಿಯಾ ಟಿಟಿ-02 ಕಿಟ್ ತಗೊಂಡಿದ್ದೀರಿ, ಇದು ನಿಮ್ಮ ಮೊದಲ ಆರ್‌ಸಿ (ರಿಮೋಟಿನಲ್ಲಿ ಓಡಿಸುವ) ಕಾರು, ಇನ್ನೂ ಒಂದು ಸ್ಕ್ರೂ ಕೂಡ ಹಾಕಿಲ್ಲ. ಕಿಟ್ ಮೋಟರ್ ಎತ್ತಿಟ್ಟು ಹೆಚ್ಚು ಬಲದ ಬ್ರಷ್‌ಲೆಸ್ ಮೋಟರ್ ಹಾಕು ಅಂತ ಗೆಳೆಯರು ಹೇಳ್ತಿದ್ದಾರೆ. ಅವರ ಮಾತು ಕೇಳಿ 3 ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಕೂಡ ಕೊಂಡಾಗಿದೆ. ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಕೇಳಿದ್ದೀರಿ.

ಬೇರಿಂಗ್‌ಗೆ. ಅವು ಮನೆಗೆ ಬರುವ ತನಕ ಗೇರ್‌ಬಾಕ್ಸ್ ಜೋಡಿಸಲು ಕೂರಲೇಬೇಡಿ.

ಕಿಟ್‌ನ ಪುಟ್ಟ ಪ್ಯಾಕೆಟ್‌ಗಳಲ್ಲಿ ಶರ್ಟಿನ ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಬುಶ್‌ಗಳು ಇರುತ್ತವೆ. ಆಕ್ಸಲ್, ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಸೆಟ್), ಶಾಫ್ಟ್ ಎಲ್ಲವೂ ಅದರೊಳಗೇ ತಿರುಗಬೇಕು. ಹೊಸದರಲ್ಲಿ ಚೆನ್ನಾಗಿಯೇ ಓಡುತ್ತೆ. ಆದರೆ ನಮ್ಮ ರಸ್ತೆಯ ಧೂಳು ಗೊತ್ತಲ್ವಾ? ಒಳಗೆ ಸೇರಿದ ಧೂಳು ಗ್ರೀಸ್ ಜೊತೆ ಕಲೆತು ಉಜ್ಜುವ ಪೇಸ್ಟ್ ಥರ ಕೆಲಸ ಮಾಡುತ್ತೆ. ಬುಶ್ ಸವೆಯುತ್ತೆ, ಆಕ್ಸಲ್ ಅಲ್ಲಾಡುತ್ತೆ, ಗೇರ್ ಹಲ್ಲುಗಳು ಸರಿಯಾಗಿ ಕೂರುವುದಿಲ್ಲ. ನಾನು ನನ್ನ ಮೊದಲ ಟಿಟಿ-02ವನ್ನು ಬುಶ್ ಹಾಕಿಯೇ ಜೋಡಿಸಿದ್ದೆ, ಬೇರಿಂಗ್ ಆಮೇಲೆ ಹಾಕಿದರಾಯಿತು ಅಂತ. ಆ "ಆಮೇಲೆ" ಬಂದಾಗ ಹಿಂದು ಮುಂದಿನ ಗೇರ್‌ಬಾಕ್ಸ್ ಎರಡನ್ನೂ ಬಿಚ್ಚಬೇಕಾಯಿತು, ಒಂದು ಇಡೀ ಭಾನುವಾರ ಹೋಯಿತು. ಹೊಸದಾಗಿ ಜೋಡಿಸುವಾಗ ಹಾಕಿದರೆ ಒಂದು ನಿಮಿಷವೂ ಜಾಸ್ತಿ ಹಿಡಿಯಲ್ಲ.

ವ್ಯತ್ಯಾಸ ಎಷ್ಟಿತ್ತು ಅಂದರೆ, ಮೋಟರ್ ಕಳಚಿ ಕಾರನ್ನು ಹಾಲ್‌ನಲ್ಲಿ ಕೈಯಿಂದ ತಳ್ಳಿ ನೋಡಿದೆ. ಬುಶ್ ಇದ್ದಾಗ ಎರಡು ಟೈಲ್ಸ್ ದಾಟಿ ನಿಂತುಬಿಡುತ್ತಿತ್ತು. ಬೇರಿಂಗ್ ಹಾಕಿದ ಮೇಲೆ ಅಷ್ಟೇ ಜೋರಾಗಿ ತಳ್ಳಿದ್ದಕ್ಕೆ ಆಚೆ ಗೋಡೆ ಮುಟ್ಟಿತು. ಅದೇ ಬ್ಯಾಟರಿ, ಅದೇ ಮೋಟರ್, ಆದರೆ ಓಟ ಹಗುರ, ಮೋಟರ್ ಬಿಸಿ ಕಡಿಮೆ, ಬ್ಯಾಟರಿ ಬರುವ ಹೊತ್ತೂ ಜಾಸ್ತಿ. ಬೇಕಾದ ಸೈಜನ್ನು 1150 ಅಂತ ಕರೆಯುತ್ತಾರೆ: ಹೊರಗಿನ ಅಡ್ಡಳತೆ 11 ಮಿ.ಮೀ., ಒಳಗಿನ ತೂತು 5 ಮಿ.ಮೀ. ಟಿಟಿ-02ಕ್ಕೆ ಅಂತಲೇ ಪೂರ್ತಿ ಸೆಟ್ ಸಿಗುತ್ತೆ. ಲೋಹದ ಮುಚ್ಚಳದ್ದಕ್ಕಿಂತ ರಬ್ಬರ್ ಸೀಲ್ ಇರುವುದನ್ನು ಆರಿಸಿ, ಧೂಳು ತಡೆಯುತ್ತೆ. ತೀರಾ ಅಗ್ಗದ, ಹೆಸರೇ ಇಲ್ಲದ ಪ್ಯಾಕೆಟ್ ಬೇಡ. ಒಂದು ಸಲ ಹಾಗೆ ತರಿಸಿದ್ದರಲ್ಲಿ ಮೂರು ಬೇರಿಂಗ್‌ಗಳ ಮುಚ್ಚಳ ಕೈಯಲ್ಲೇ ಕಳಚಿ ಬಂತು.

ಎರಡನೇ ಖರ್ಚು ಕಾರಿಗಲ್ಲ, ಸ್ಕ್ರೂಡ್ರೈವರ್‌ಗೆ. ಇದನ್ನು ಯಾರೂ ಹೇಳಿಕೊಡಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಟಮಿಯಾ ಜಪಾನಿನ ಶಿಜುವೋಕಾದ ಕಂಪನಿ. ಅವರ ಸ್ಕ್ರೂಗಳ ತಲೆ ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯದು. ನಮ್ಮ ಮನೆಗಳಲ್ಲಿ ಇರುವ ಸ್ಟಾರ್ ಸ್ಕ್ರೂಡ್ರೈವರ್ ಸಾಮಾನ್ಯವಾಗಿ ಫಿಲಿಪ್ಸ್. ನೋಡಲು ಎರಡೂ ಒಂದೇ ಥರ. ಆದರೆ ಫಿಲಿಪ್ಸ್ ತುದಿ ಆ ಸ್ಕ್ರೂ ತಲೆಯ ಸೀಳಿನೊಳಗೆ ಪೂರ್ತಿ ಇಳಿಯಲ್ಲ. ಬಲ ಕೊಟ್ಟ ಕೂಡಲೇ ಮೇಲಕ್ಕೆ ಜಾರುತ್ತೆ, ಸ್ಕ್ರೂ ತಲೆ ಸವೆದು ಗುಂಡಿ ಬೀಳುತ್ತೆ. ನಾಲ್ಕು ಸಲ ಬಿಚ್ಚಿ ಹಾಕುವ ಕಾರಿನಲ್ಲಿ ಅದು ದೊಡ್ಡ ತಲೆನೋವು. ಜೆಐಎಸ್ 2ನೇ ನಂಬರಿನ ಒಂದು ಒಳ್ಳೆಯ ಡ್ರೈವರ್ ತಗೊಳ್ಳಿ, ಬಹುಪಾಲು ಕೆಲಸ ಅದರಲ್ಲೇ ಮುಗಿಯುತ್ತೆ.

ಸ್ಕ್ರೂ ಹಾಕುವುದಕ್ಕೂ ಒಂದು ಹದ ಇದೆ. ಈ ಕಾರಿನ ಹೆಚ್ಚಿನ ಸ್ಕ್ರೂಗಳು ಪ್ಲಾಸ್ಟಿಕ್ಕನ್ನು ತಾವೇ ಕೊರೆದುಕೊಂಡು ಒಳಗೆ ಹೋಗುತ್ತವೆ. ಮೊದಲ ಸಲ ಗಟ್ಟಿ, ಕೈ ನೋಯುತ್ತೆ. ತುದಿಗೆ ಚೂರು ಸೋಪು ಸವರಿದರೆ ಸಲೀಸು. ಬಿಚ್ಚಿ ಮತ್ತೆ ಹಾಕುವಾಗ ನೇರವಾಗಿ ತಿರುಗಿಸಬೇಡಿ. ಸ್ಕ್ರೂವನ್ನು ತೂತಿನ ಮೇಲೆ ಇಟ್ಟು ಮೆಲ್ಲಗೆ ಹಿಂದಕ್ಕೆ ತಿರುಗಿಸಿ. ಒಂದು ಕಡೆ "ಟಕ್" ಅಂತ ಒಳಗೆ ಇಳಿಯುವುದು ಬೆರಳಿಗೆ ಗೊತ್ತಾಗುತ್ತೆ. ಅದು ಹಳೇ ಥ್ರೆಡ್. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಹೀಗೆ ಮಾಡಿದರೆ ಹಲವು ಸಲ ಬಿಚ್ಚಿದರೂ ತೂತು ಬೇಗ ಸಡಿಲ ಆಗಲ್ಲ. ತಲೆ ಪ್ಲಾಸ್ಟಿಕ್ಕಿಗೆ ತಾಗಿದ ಕೂಡಲೇ ನಿಲ್ಲಿಸಿ, ಇನ್ನೊಂದು ಸುತ್ತು ಬೇಡ. ಲೋಹಕ್ಕೆ ಲೋಹ ಸೇರುವ ಕಡೆ, ಮುಖ್ಯವಾಗಿ ಮೋಟರಿನ ಪಿನಿಯನ್ (ಮೋಟರ್ ಶಾಫ್ಟಿಗೆ ಸಿಕ್ಕಿಸುವ ಚಿಕ್ಕ ಗೇರು) ಸ್ಕ್ರೂಗೆ, ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ. ಪ್ಲಾಸ್ಟಿಕ್ಕಿಗೆ ಮಾತ್ರ ಅದು ತಾಗಬಾರದು, ಬಿರುಕು ಬಿಡುತ್ತೆ.

ಡಿಫರೆನ್ಷಿಯಲ್ ಜೋಡಿಸುವಾಗ ನಿಧಾನ ಮಾಡಿ. ನಕ್ಷತ್ರದ ಆಕಾರದ ಒಂದು ಪುಟ್ಟ ಕಡ್ಡಿಗೆ ಮೂರು ಚಿಕ್ಕ ಗೇರು, ಅದರ ಎರಡೂ ಬದಿಗೆ ಒಂದೊಂದು ದೊಡ್ಡ ಗೇರು. ಅಷ್ಟೇ. ಕಿಟ್‌ನಲ್ಲಿ ಬರುವ ಗ್ರೀಸ್ ಹಾಕಿದರೆ ಡಿಫ್ ತುಂಬಾ ಸಡಿಲವಾಗಿ ತಿರುಗುತ್ತೆ. ತಿರುವಿನಲ್ಲಿ ಒಳಗಿನ ಚಕ್ರ ಸುಮ್ನೆ ಗಾಳಿಯಲ್ಲಿ ಸುತ್ತುತ್ತೆ, ಕಾರು ಮುಂದೆ ಹೋಗಲ್ಲ. ಮುಂದಿನ ಡಿಫ್‌ಗೆ ಗಟ್ಟಿ ಅಂಟಿನಂಥ ಆಂಟಿ-ವೇರ್ ಗ್ರೀಸ್ ತುಂಬಿ, ಹಿಂದಿನದಕ್ಕೆ ಮಾಮೂಲಿ ಗ್ರೀಸ್ ಸಾಕು. ತೆಳು ಎಣ್ಣೆ ಹಾಕಲು ಹೋಗಬೇಡಿ, ಈ ಡಿಫ್‌ಗೆ ಸೀಲ್ ಇಲ್ಲ, ಎಲ್ಲಾ ಸೋರಿ ಹೋಗುತ್ತೆ. ಇನ್ನೊಂದು ಮಾತು: ಡಿಫ್ ಕೂರಿಸುವಾಗ ಅದರ ಹೊರಗಿನ ದೊಡ್ಡ ಗೇರ್ ಯಾವ ಬದಿಗೆ ಇರಬೇಕು ಅನ್ನುವುದನ್ನು ಕೈಪಿಡಿಯ ಚಿತ್ರದಲ್ಲಿ ಎರಡು ಸಲ ನೋಡಿ. ಒಂದು ಕಡೆ ತಿರುಗಾ ಮುರುಗಾ ಆದರೆ ಮುಂದಿನ ಚಕ್ರ ಒಂದು ದಿಕ್ಕಿಗೆ, ಹಿಂದಿನದು ಇನ್ನೊಂದು ದಿಕ್ಕಿಗೆ ತಿರುಗುತ್ತೆ. ಮೋಟರ್ ಹಾಕುವ ಮೊದಲೇ ಮುಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಕೈಯಲ್ಲಿ ಮುಂದಕ್ಕೆ ತಿರುಗಿಸಿ, ಹಿಂದಿನವೂ ಮುಂದಕ್ಕೇ ತಿರುಗುತ್ತವಾ ಅಂತ ಪರೀಕ್ಷೆ ಮಾಡಿಕೊಳ್ಳಿ.

ಸ್ಟೇರಿಂಗ್ ಈ ಕಾರಿನ ದುರ್ಬಲ ಜಾಗ. ಕೋನ್‌ಸೆಟ್ ಸವೆದ ಸ್ಕೂಟರ್ ಓಡಿಸಿದ್ದರೆ ಆ ಅನುಭವ ನಿಮಗೆ ಗೊತ್ತು. ಹ್ಯಾಂಡಲ್ ನೆಟ್ಟಗಿದ್ದರೂ ಗಾಡಿ ಅತ್ತಿತ್ತ ಎಳೆಯುತ್ತೆ. ಕಿಟ್‌ನ ಪ್ಲಾಸ್ಟಿಕ್ ಸ್ಟೇರಿಂಗ್ ತುಂಡುಗಳಲ್ಲಿ ಅಂಥದೇ ಪ್ಲೇ ಇರುತ್ತೆ. ಅದರ ಜೊತೆ ಮೆತ್ತಗಿನ ಸರ್ವೋ ಸೇವರ್ ಬೇರೆ (ಚಕ್ರ ತಿರುಗಿಸುವ ಚಿಕ್ಕ ಮೋಟರ್ ಸರ್ವೋ, ಅದಕ್ಕೆ ಪೆಟ್ಟು ತಾಗದಂತೆ ಬಾಗುವ ತೋಳು ಸೇವರ್). ಬೇರಿಂಗ್ ಇರುವ ಅಲ್ಯೂಮಿನಿಯಂ ಸ್ಟೇರಿಂಗ್ ಸೆಟ್, ಗಟ್ಟಿ ಸರ್ವೋ ಸೇವರ್ ಹಾಕಿದ ದಿನ ನನ್ನ ಕಾರು ಮೊದಲ ಬಾರಿಗೆ ನೆಟ್ಟಗೆ ಓಡಿತು. ಈ ಕಾರಿಗೆ ಬರುವ ಮಿರಮಿರ ಅಲ್ಯೂಮಿನಿಯಂ ಭಾಗಗಳಲ್ಲಿ ಹೆಚ್ಚಿನವು ನೋಡಲು ಚೆಂದ ಅಷ್ಟೇ, ಓಟಕ್ಕೆ ಏನೂ ಕೊಡಲ್ಲ. ಈ ಸ್ಟೇರಿಂಗ್ ಸೆಟ್ ಮಾತ್ರ ಕೊಟ್ಟ ದುಡ್ಡಿಗೆ ಕೆಲಸ ಮಾಡುತ್ತೆ. ಸರ್ವೋ ಕೂರಿಸುವ ಮೊದಲು ಅದಕ್ಕೆ ಕರೆಂಟ್ ಕೊಟ್ಟು, ರಿಮೋಟಿನ ಟ್ರಿಮ್ ಸೊನ್ನೆಗೆ ಇಟ್ಟು, ಸರ್ವೋ ನಡುವಿಗೆ ಬಂದ ಮೇಲೆಯೇ ತೋಳನ್ನು ಸಿಕ್ಕಿಸಿ. ಇಲ್ಲದಿದ್ದರೆ ಎಡಕ್ಕೆ ಪೂರ್ತಿ ತಿರುಗುತ್ತೆ, ಬಲಕ್ಕೆ ಅರ್ಧವೇ.

ಆಮೇಲೆ ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್. ಕಿಟ್‌ನಲ್ಲಿ ಬರುವುದು ಬರೀ ಸ್ಪ್ರಿಂಗ್ ಮತ್ತು ಪ್ಲಾಸ್ಟಿಕ್ ಕಡ್ಡಿ, ಒಳಗೆ ಎಣ್ಣೆ ಇರಲ್ಲ. ಸಣ್ಣ ಉಬ್ಬು ಸಿಕ್ಕರೂ ಕಾರು ಚೆಂಡಿನ ಹಾಗೆ ಪುಟಿಯುತ್ತೆ. ಚಕ್ರ ನೆಲ ಬಿಟ್ಟ ಮೇಲೆ ಯಾವ ಮೋಟರ್ ಇದ್ದರೂ ಏನು ಪ್ರಯೋಜನ? ಟಮಿಯಾದ ಸಿವಿಎ ಆಯಿಲ್ ಡ್ಯಾಂಪರ್ ಪ್ಲಾಸ್ಟಿಕ್ಕಿನದೇ ಆದರೂ ಬಹಳ ಚೆನ್ನಾಗಿದೆ. 400ನೇ ನಂಬರಿನ ಎಣ್ಣೆಯಿಂದ ಶುರು ಮಾಡಿ.

ಅದನ್ನು ತುಂಬುವ ಕೆಲಸ ನನಗೆ ಇಡೀ ಕಾರಿನಲ್ಲೇ ಹೆಚ್ಚು ಇಷ್ಟ. ಪಿಸ್ಟನ್ ಕೆಳಗೆ ಎಳೆದು ಎಣ್ಣೆಯನ್ನು ಬಾಯಿ ತನಕ ಹಾಕುತ್ತೇನೆ. ಪಿಸ್ಟನ್ನನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದೊಂದೇ ಎದ್ದು ಬರುತ್ತವೆ. ಅವಸರ ಮಾಡಿದರೆ ಒಂದು ಗುಳ್ಳೆ ಹತ್ತಾಗುತ್ತೆ. ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ಕಾಫಿ ಕುಡಿದು ಬರುತ್ತೇನೆ. ಅಷ್ಟರಲ್ಲಿ ಎಣ್ಣೆ ತಿಳಿಯಾಗಿರುತ್ತೆ. ಆಮೇಲೆ ರಬ್ಬರ್ ಡಯಾಫ್ರಂ ಇಟ್ಟು, ಉಕ್ಕಿದ ಎಣ್ಣೆ ಒರೆಸಿ, ಮುಚ್ಚಳ ತಿರುಗಿಸುವುದು. ಒತ್ತಿದಾಗ "ಪಿಚಪಿಚ" ಸದ್ದು ಬಂದರೆ ಒಳಗೆ ಗಾಳಿ ಇದೆ ಅಂತ ಅರ್ಥ, ಮತ್ತೆ ಬಿಚ್ಚಿ. ನಾಲ್ಕೂ ಒಂದೇ ಥರ ಇಳಿಯಬೇಕು, ಒಂದೇ ಥರ ಏರಬೇಕು.

ಟೈರ್ ಬಗ್ಗೆ ಚಿಕ್ಕದಾಗಿ: ಕಿಟ್ ಟೈರ್ ಗಟ್ಟಿ ರಬ್ಬರು, ಧೂಳಿನ ಡಾಂಬರಿನಲ್ಲಿ ಜಾರುತ್ತೆ. ಕಲಿಯುವಷ್ಟು ದಿನ ಅದೇ ಇರಲಿ, ಜಾರುವ ಕಾರನ್ನು ಹಿಡಿಯಲು ಕಲಿತರೆ ಕೈ ಚೆನ್ನಾಗಿ ಪಳಗುತ್ತೆ. ಸವೆದ ಮೇಲೆ ಮೆತ್ತಗಿನದು ತರಿಸಿ.

ಬಾಡಿಗೆ ಬಣ್ಣ ಹೊಡೆಯುವಾಗ ಎರಡೇ ಮಾತು ನೆನಪಿಡಿ. ಇದು ಪಾಲಿಕಾರ್ಬೊನೇಟ್, ಬಣ್ಣ ಒಳಗಡೆಯಿಂದ ಹೊಡೆಯಬೇಕು. ಟಮಿಯಾದ ಪಿಎಸ್ ಸ್ಪ್ರೇ ಮಾತ್ರ ಹಿಡಿಯುತ್ತೆ, ಟಿಎಸ್ ಅಂತ ಇರುವುದು ಬೇರೆ ಪ್ಲಾಸ್ಟಿಕ್ಕಿಗೆ, ಮೊದಲ ಡಿಕ್ಕಿಗೇ ಸಿಪ್ಪೆ ಏಳುತ್ತೆ. ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ, ಕಡು ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ, ತೆಳುವಾಗಿ ನಾಲ್ಕೈದು ಸಲ ಹೊಡೆಯಿರಿ. ಮಳೆಗಾಲದ ದಿನ ಬೇಡ. ನನ್ನ ಟೊಯೋಟಾ ಜಿಆರ್ 86 ಬಾಡಿಗೆ ಜುಲೈ ತಿಂಗಳ ಒಂದು ಸಂಜೆ ತಾರಸಿಯಲ್ಲಿ ಬಣ್ಣ ಹೊಡೆದೆ. ತೇವಕ್ಕೆ ಕೆಂಪು ಬಣ್ಣದ ಮೇಲೆ ಬೂದಿ ಹಿಡಿದ ಹಾಗೆ ಮಂಕು ಕೂತಿತು. ಅದು ಇವತ್ತಿಗೂ ಹಾಗೇ ಇದೆ.

ಇನ್ನು ಮೋಟರ್. ಲೆಕ್ಕ ಹಾಕಿ ನೋಡೋಣ. ಕಿಟ್‌ನಲ್ಲಿ ಸ್ಪರ್ ಗೇರಿಗೆ (ಪಿನಿಯನ್ ತಿರುಗಿಸುವ ದೊಡ್ಡ ಗೇರು) 70 ಹಲ್ಲು, ಪಿನಿಯನ್‌ಗೆ 22. ಭಾಗಿಸಿದರೆ 3.18. ಗೇರ್‌ಬಾಕ್ಸ್ ಒಳಗಿನ ಅನುಪಾತ 2.6. ಗುಣಿಸಿದರೆ 8.27, ಅಂದರೆ ಮೋಟರ್ ಎಂಟು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಿದಾಗ ಚಕ್ರ ಒಂದು ಸುತ್ತು. ಮೋಟರ್ ನಿಮಿಷಕ್ಕೆ 15,000 ಸುತ್ತು ತಿರುಗಿದರೆ ಚಕ್ರ ಸುಮಾರು 1,800 ಸುತ್ತು. ಟೈರಿನ ಸುತ್ತಳತೆ ಸುಮಾರು 20 ಸೆಂ.ಮೀ. ಅಲ್ಲಿಗೆ ಗಂಟೆಗೆ 20 ಕಿ.ಮೀ. ಮೇಲೆ ಸ್ವಲ್ಪ. ಕಡಿಮೆ ಅನಿಸಬಹುದು. ಆದರೆ ಒಂದೂವರೆ ಕಿಲೋ ಆಸುಪಾಸಿನ ಕಾರು ಆ ವೇಗದಲ್ಲಿ ಒಂದು ಮಗುವಿನ ಕಾಲಿಗೆ ಬಡಿದರೆ ಏನಾಗುತ್ತೆ ಯೋಚಿಸಿ. ಖಾಲಿ ಲೇಔಟ್ ರಸ್ತೆಯಲ್ಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಇಟ್ಟು, ಎಂಟರ ಆಕಾರದಲ್ಲಿ ಒಂದಕ್ಕೂ ತಾಗದೆ ಹತ್ತು ಸುತ್ತು ಬರುವ ತನಕ ಈ ಮೋಟರ್ ಧಾರಾಳವಾಗಿ ಸಾಕು. ಹೊಸ ಮೋಟರನ್ನು ಕಾರಿಗೆ ಹಾಕುವ ಮೊದಲು ಎರಡು ಪೆನ್ಸಿಲ್ ಸೆಲ್ ಕೊಟ್ಟು ಹತ್ತು ನಿಮಿಷ ಸುಮ್ನೆ ತಿರುಗಲು ಬಿಡಿ. ಒಳಗಿನ ಬ್ರಷ್‌ಗಳು ಚೆನ್ನಾಗಿ ಕೂರುತ್ತವೆ.

ಮುಂದೆ ಬ್ರಷ್‌ಲೆಸ್ ಹಾಕುವ ದಿನ ಬಂದಾಗ ಅಲ್ಯೂಮಿನಿಯಂ ಪ್ರೊಪೆಲ್ಲರ್ ಶಾಫ್ಟ್ (ಹಿಂದು ಮುಂದಿನ ಗೇರ್‌ಬಾಕ್ಸ್ ಜೋಡಿಸುವ ಉದ್ದ ಕಡ್ಡಿ) ಕೂಡ ತರಿಸಿ. ಕಿಟ್‌ನದು ಪ್ಲಾಸ್ಟಿಕ್, ಹೊಸ ಬಲಕ್ಕೆ ತಿರುಚಿಕೊಳ್ಳುತ್ತೆ. ಬಿಳೀ ಟಮಿಯಾ ಕನೆಕ್ಟರ್ ಬದಲು ಎಕ್ಸ್‌ಟಿ60 ಹಾಕಿ, ಹಳೆಯದು ಜಾಸ್ತಿ ಕರೆಂಟಿಗೆ ಬಿಸಿಯಾಗಿ ಕರಗುತ್ತೆ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿನಲ್ಲಿ ಕನೆಕ್ಟರ್, ಸಿಲಿಕೋನ್ ವೈರ್, ಶ್ರಿಂಕ್ ಟ್ಯೂಬ್ ಎಲ್ಲಾ ಒಂದೇ ಸುತ್ತಿಗೆ ಸಿಗುತ್ತೆ.

ಕೊನೆಗೆ ನಿಮ್ಮ 3 ಸೆಲ್ ಬ್ಯಾಟರಿ. ಪೂರ್ತಿ ಚಾರ್ಜಿನಲ್ಲಿ ಅದು 12.6 ವೋಲ್ಟ್. ಈ ಕಾರಿನ ಲೆಕ್ಕ ಇರುವುದು 7.2 ವೋಲ್ಟಿಗೆ. ಸದ್ಯ ಅದನ್ನು ಹಾಕಬೇಡಿ. 7.2 ವೋಲ್ಟಿನ ನಿಕಲ್ ಪ್ಯಾಕ್ ಅಥವಾ 2 ಸೆಲ್ ಲಿಪೋ ತಗೊಳ್ಳಿ. ಲಿಪೋ ಆದರೆ ಅಂಚು ದುಂಡಗಿರುವ ಗಟ್ಟಿ ಕವಚದ್ದೇ ಇರಲಿ, ಚೌಕ ಮೂಲೆಯದು ಈ ಚಾಸಿಸ್‌ನ ಗೂಡಿನಲ್ಲಿ ಕೂರಲ್ಲ. ನಿಮ್ಮ ಇಎಸ್‌ಸಿಯಲ್ಲಿ (ಮೋಟರಿನ ವೇಗ ನಿಯಂತ್ರಿಸುವ ಪೆಟ್ಟಿಗೆ) ಲಿಪೋ ಕಟಾಫ್, ಅಂದರೆ ವೋಲ್ಟೇಜ್ ತೀರಾ ಇಳಿಯುವ ಮೊದಲು ಮೋಟರ್ ನಿಲ್ಲಿಸುವ ವ್ಯವಸ್ಥೆ ಇದೆಯಾ ನೋಡಿಕೊಳ್ಳಿ. ಹಾಬಿವಿಂಗ್ 1060 ಅನ್ನುವ ಇಎಸ್‌ಸಿಯಲ್ಲಿ ಒಂದು ಚಿಕ್ಕ ಜಂಪರ್ ಸರಿಸಿದರೆ ಲಿಪೋ ಮೋಡ್‌ಗೆ ಬರುತ್ತೆ. ಕಟಾಫ್ ಇಲ್ಲದೆ ಓಡಿಸಿದರೆ ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿದು ಬ್ಯಾಟರಿ ಊದಿಕೊಳ್ಳುತ್ತೆ, ಅಂಥದನ್ನು ಮತ್ತೆ ಚಾರ್ಜ್ ಮಾಡಲೇಬಾರದು. ಕೊಂಡಿರುವ 3 ಸೆಲ್ ಪ್ಯಾಕನ್ನು ಚಾರ್ಜರಿನ ಸ್ಟೋರೇಜ್ ಮೋಡ್‌ನಲ್ಲಿ ಸೆಲ್ಲಿಗೆ 3.8 ವೋಲ್ಟಿಗೆ ತಂದು, ಲಿಪೋ ಚೀಲದಲ್ಲಿ ಹಾಕಿ, ಬಿಸಿಲು ಬೀಳದ ಜಾಗದಲ್ಲಿ ಇಡಿ. ಎರಡು ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ. ಬೇರಿಂಗ್ ಬಂದು ಡಿಫ್ ಜೋಡಿಸುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಫೋಟೋ ಹಾಕಿ, ನೋಡಿ ಹೇಳುತ್ತೇನೆ.